ಮೂರು ಕರ್ನಲ್‌ಗಳ ಸಣ್ಣ ಸಿ.ಡಿ.

ಜಯಲತಾ ಆ ಟ್ರಸ್ಟಿಗೆ ಸೇರಿದ್ದು ಕಾಗದಪತ್ರ ನೋಡಿಕೊಳ್ಳುವ ಕೆಲಸಕ್ಕೆ. ಎರಡು ಸಾವಿರದ ನಾಲ್ಕನೆಯ ಇಸವಿ, ಅವಳಿಗಾಗ ಮೂವತ್ತಮೂರು ವರ್ಷ. ಗಂಡ ಕುಶಲ ವಾಶಿಯ ಹೋಟೆಲೊಂದರಲ್ಲಿ ಮ್ಯಾನೇಜರ್. ಬೆಳಿಗ್ಗೆ ಆರಕ್ಕೆ ಮನೆ ಬಿಡುವವನು. ಮಗಳು ಪೂಜಿತಾ ಶಾಲೆಗೆ ಹೋಗತೊಡಗಿದ ಮೇಲೆ ಡೊಂಬಿವಲಿಯ ಮನೆಯಲ್ಲಿ ಒಬ್ಬಳೇ ಕೂರುವುದು ಅವಳಿಗೆ ಬೇಸರ ತರಿಸಿತ್ತು. ಕಾರ್ಕಳದಲ್ಲಿ ಓದಿದ ಬಿ.ಕಾಂ. ಇತ್ತು, ಟೈಪಿಂಗ್ ಬರುತ್ತಿತ್ತು. ಯಾರೋ ಹೇಳಿದರೆಂದು ಠಾಣೆಯ ವಾಗಳೆ ಎಸ್ಟೇಟಿಗೆ ಹೋಗಿ ಅರ್ಜಿ ಕೊಟ್ಟಳು. ಮರುದಿನವೇ ಬರಹೇಳಿದರು.

ದೊಡ್ಡ ಕಚೇರಿಗಳು ಬೇಡವೆಂದು ಎಸೆಯುವ ಕಂಪ್ಯೂಟರುಗಳನ್ನು ತಂದು, ಧೂಳು ಒರೆಸಿ, ಸರಿಮಾಡಿ, ಬಡ ಶಾಲೆಗಳಿಗೂ ವಾಚನಾಲಯಗಳಿಗೂ ಕೊಡುವುದು ಆ ಟ್ರಸ್ಟಿನ ಕೆಲಸ. ಹಳೆಯ ವರ್ಕ್‌ಶಾಪಿನ ಎರಡನೆಯ ಮಹಡಿಯಲ್ಲಿ ಉದ್ದನೆಯ ಹಾಲು, ಗೋಡೆಯ ಉದ್ದಕ್ಕೂ ಕಬ್ಬಿಣದ ಕಪಾಟು, ಕಪಾಟಿನ ತುಂಬ ಹಳದಿಗಟ್ಟಿದ ಡಬ್ಬಗಳು. ಯಾವ ಯಂತ್ರ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಬರೆದಿಡುವುದು ಜಯಲತಾಳ ಪಾಲಿಗೆ ಬಂದ ಕೆಲಸ.

ಯಂತ್ರಗಳನ್ನು ಸರಿಮಾಡುತ್ತಿದ್ದವರು ರಘುಪತಿ. ಮೈಸೂರಿನವರು, ಠಾಣೆಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಎಂಜಿನಿಯರ್ ಆಗಿದ್ದು, ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದವರು. ಮಾತು ಕಡಿಮೆ. ಜಯಲತಾ ಸೇರಿ ಎರಡು ತಿಂಗಳಾದ ಮೇಲೆ ಒಂದು ದಿನ ಅವರು ಅವಳ ಫೈಲನ್ನು ಕೈಯಲ್ಲಿ ಹಿಡಿದು ಬಂದು ಮೇಜಿನೆದುರು ನಿಂತರು. ಕೆಟ್ಟು ನಿಂತ ಪ್ರತಿಯೊಂದು ಯಂತ್ರದ ಹೆಸರಿನ ಮುಂದೆ, ಅದರ ಪರದೆಯ ಮೇಲೆ ಕಡೆಗೆ ಬಂದ ಸಾಲು ಅಕ್ಷರ ಬಿಡದೆ ಬರೆದಿತ್ತು.

"ಇದನ್ನ ಬರೀರಿ ಅಂತ ಯಾರಮ್ಮ ಹೇಳಿದ್ದು?"

"ಯಾರೂ ಹೇಳಲಿಲ್ಲ ಸರ್," ಎಂದಳು ಜಯಲತಾ. ತಪ್ಪಾಯಿತೇನೋ ಎಂದು ಎದ್ದು ನಿಂತಿದ್ದಳು. "ನನಗೆ ಎಂತದೂ ಅರ್ಥ ಆಗುವುದಿಲ್ಲ. ಆದರೆ ಎರಡೆರಡು ಮಿಶನಿಗೆ ಒಂದೇ ಸಾಲು ಬರ್ತದಲ್ಲ, ಏನಾದ್ರೂ ಸಂಬಂಧ ಉಂಟೋ ಅಂತ."

ರಘುಪತಿ ಕನ್ನಡಕ ತೆಗೆದು ಒರೆಸಿಕೊಂಡರು. "ಸಂಬಂಧ ಇದೆ ಕಣಮ್ಮ. ನಾಳೆಯಿಂದ ಮಧ್ಯಾಹ್ನದ ಹೊತ್ತು ನನ್ನ ಹತ್ರ ಬಂದು ಕೂತ್ಕೊಳ್ಳಿ" ಎಂದರು.

ಹಾಗೆ ಶುರುವಾಯಿತು. ಕರ್ನಲ್ ಎಂದರೇನು ಎಂದು ಅವಳು ಕೇಳಿದ ದಿನ ರಘುಪತಿ ಒಂದು ಯಂತ್ರದ ಮುಚ್ಚಳ ತೆಗೆದು ತೋರಿಸಿದರು. "ಸ್ವಿಚ್ ಹಾಕಿದಾಗ ಈ ತಗಡು, ತಂತಿಗಳಿಗೆ ಏನೂ ಗೊತ್ತಿರಲ್ಲ. ಮೊದಲು ಏಳೋ ತಂತ್ರಾಂಶ ಕರ್ನಲ್ಲು. ಕೀಬೋರ್ಡ್ ಇಲ್ಲಿದೆ, ಡಿಸ್ಕ್ ಅಲ್ಲಿದೆ, ನೆಟ್‌ವರ್ಕಿನ ಚಿಪ್ಪು ಇಂಥ ಕಂಪನಿದು ಅಂತ ಒಂದೊಂದೇ ಗುರುತು ಹಿಡಿಯುತ್ತೆ. ಒಂದೊಂದನ್ನ ಮಾತಾಡಿಸೋಕೆ ಒಂದೊಂದು ಡ್ರೈವರ್ ಫೈಲು ಬೇಕು. ಗುರುತು ಸಿಗದಿದ್ದರೆ ಆ ಸಾಮಾನು ಇದ್ದೂ ಇಲ್ಲದ ಹಾಗೆ. ಹೊಸ ಕರ್ನಲ್ಲಿಗೆ ಕೆಲವು ಹಳೇ ಸಾಮಾನು ಸೇರಲ್ಲ. ಹಳೇ ಕರ್ನಲ್ಲಿಗೆ ಹೊಸದು ಗೊತ್ತೇ ಇರಲ್ಲ. ನಮ್ಮಲ್ಲಿಗೆ ಬರೋದು ಎರಡೂ."

ಅದಕ್ಕಾಗಿಯೇ ಅವರು ಒಂದು ಸಿ.ಡಿ. ಮಾಡಿದ್ದರು. ಅಂಗೈ ಅಗಲದ ಸಣ್ಣ ಸಿ.ಡಿ. ಯಾವುದೋ ಕಂಪನಿ ತನ್ನ ಸಮಾರಂಭಕ್ಕೆಂದು ತರಿಸಿ ಉಳಿದುಹೋದ ಮೂರು ಸಾವಿರ ಖಾಲಿ ಸಿ.ಡಿ.ಗಳನ್ನು ಟ್ರಸ್ಟಿಗೆ ಕೊಟ್ಟಿತ್ತು. ಮಾಮೂಲಿ ಲಕೋಟೆಯಲ್ಲಿ ಹಿಡಿಸುತ್ತಿದ್ದುದರಿಂದ ಅಂಚೆಯಲ್ಲಿ ಕಳಿಸಲು ಸಲೀಸು. ಆದರೆ ಅದರಲ್ಲಿ ಹಿಡಿಯುತ್ತಿದ್ದುದು ಇನ್ನೂರ ಹತ್ತು ಎಂ.ಬಿ. ಮಾತ್ರ. ಅಷ್ಟರೊಳಗೆ ಇಡೀ ಆಪರೇಟಿಂಗ್ ಸಿಸ್ಟಮ್ಮು, ಬರೆಯುವ, ಲೆಕ್ಕ ಹಾಕುವ ತಂತ್ರಾಂಶ, ಕನ್ನಡ ಮರಾಠಿ ಅಕ್ಷರಗಳು, ಅದರ ಮೇಲೆ ಒಂದಲ್ಲ ಎರಡು ಕರ್ನಲ್. ಸಿ.ಡಿ. ಹಾಕಿ ಯಂತ್ರ ಶುರುಮಾಡಿದರೆ ಪರದೆಯ ಮೇಲೆ ಎರಡು ಸಾಲು ಬರುತ್ತಿತ್ತು: ಹಳೆಯ ಯಂತ್ರಕ್ಕೆ ಒಂದನ್ನು ಒತ್ತಿ, ಹೊಸದಕ್ಕೆ ಎರಡನ್ನು ಒತ್ತಿ. ಶಾಲೆಯ ಮೇಷ್ಟ್ರಿಗೆ ಅಷ್ಟು ಗೊತ್ತಿದ್ದರೆ ಸಾಕು.

ನಾಲ್ಕು ವರ್ಷ ಜಯಲತಾ ಅವರ ಪಕ್ಕದಲ್ಲಿ ಕೂತು ಕಲಿತಳು. ಇಂಗ್ಲಿಷಿನ ದಪ್ಪ ಪುಸ್ತಕಗಳನ್ನು ರೈಲಿನಲ್ಲಿ ನಿಂತುಕೊಂಡೇ ಓದಿದಳು. ಲೇಡೀಸ್ ಡಬ್ಬಿಯಲ್ಲಿ ಪಕ್ಕದವರು ಬಟಾಣಿ ಸುಲಿಯುತ್ತಿದ್ದರೆ ಇವಳು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದಳು. ಕರ್ನಲ್ಲನ್ನು ತಾನೇ ಕಟ್ಟುವುದು, ಬೇಡದ್ದನ್ನು ಬಿಡುವುದು, ಎಲ್ಲ ಫೈಲುಗಳನ್ನೂ ಕಡಿಮೆ ಜಾಗಕ್ಕೆ ಒತ್ತಿ ಒಂದು ಕಟ್ಟು ಮಾಡುವುದು, ಆ ಕಟ್ಟನ್ನು ಸಿ.ಡಿ.ಗೆ ಇಳಿಸುವುದು ಎಲ್ಲವೂ ಕೈಗೆ ಬಂತು. ಎರಡು ಸಾವಿರದ ಒಂಬತ್ತರ ಜುಲೈಯಲ್ಲಿ ರಘುಪತಿ ತೀರಿಕೊಂಡರು. ಬೆಳಿಗ್ಗೆ ಸ್ನಾನಕ್ಕೆ ಹೋದವರು ಈಚೆ ಬರಲಿಲ್ಲವಂತೆ. ಮಕ್ಕಳಿರಲಿಲ್ಲ, ಹೆಂಡತಿ ಮೈಸೂರಿಗೆ ಹೊರಟುಹೋದರು. ಹೋಗುವ ಮುಂಚೆ ಜಯಲತಾಳನ್ನು ಕರೆಸಿ, "ಇದು ನಿಮ್ಮದೇ ಅಂತ ಹೇಳ್ತಿದ್ದರು" ಎಂದು ಅವರ ಕೈಬರಹದ ಒಂದು ನೋಟ್‌ಬುಕ್ಕನ್ನೂ ಒಂದಷ್ಟು ಸಿ.ಡಿ.ಗಳನ್ನೂ ಕೊಟ್ಟರು. ಟ್ರಸ್ಟಿನವರು ಬೇರೆ ಎಂಜಿನಿಯರನ್ನು ಹುಡುಕಲಿಲ್ಲ. ಸಿ.ಡಿ.ಯ ಕೆಲಸ ತಾನಾಗಿಯೇ ಅವಳ ಮೇಜಿಗೆ ಬಂತು.

ಎರಡು ಸಾವಿರದ ಹನ್ನೆರಡರ ಬೇಸಿಗೆಯಲ್ಲಿ ಐರೋಲಿಯ ಒಂದು ಕಚೇರಿಯಿಂದ ಇನ್ನೂರು ಯಂತ್ರಗಳು ಒಟ್ಟಿಗೇ ಬಂದವು. ನೋಡಿದರೆ ಹೊಸದರಂತೆಯೇ ಇದ್ದವು. ಆದರೆ ಜಯಲತಾ ಸಿ.ಡಿ. ಹಾಕಿ ನೋಡಿದರೆ ಒಂದಕ್ಕೂ ನೆಟ್‌ವರ್ಕ್ ಸಿಗಲಿಲ್ಲ. ಒಳಗಿನ ಚಿಪ್ಪು ಎರಡು ಕರ್ನಲ್‌ಗಳಿಗೂ ಪರಿಚಯವಿಲ್ಲದ್ದು. ಮೂರನೆಯದೊಂದು, ತೀರಾ ಈಚಿನ ಕರ್ನಲ್ ಬೇಕಿತ್ತು. ಜೂನಿನಲ್ಲಿ ಶಾಲೆ ಶುರುವಾಗುವ ಮೊದಲು ಯಂತ್ರಗಳು ಹೊರಡಬೇಕಿತ್ತು.

ಟ್ರಸ್ಟಿನ ಓಡಾಟವೆಲ್ಲ ನೋಡಿಕೊಳ್ಳುತ್ತಿದ್ದವನು ಲತೀಶ್. ಉಡುಪಿ ಕಡೆಯವರ ಮಗ, ಹುಟ್ಟಿ ಬೆಳೆದದ್ದು ಕೋಪರಖೈರಣೆಯಲ್ಲಿ. ಕನ್ನಡ ಮಾತಾಡುವಾಗ ನಡುನಡುವೆ ಹಿಂದಿ ನುಗ್ಗುತ್ತಿತ್ತು.

"ಜಯಕ್ಕ, ಎಷ್ಟು ಜಾಸ್ತಿ ಆಗ್ತದೆ?"

"ಒಂಬತ್ತು ಎಂ.ಬಿ. ಹೊರಗೆ ಉಳೀತದೆ."

"ನೌ ಎಂ.ಬಿ.! ಅಷ್ಟೇನಾ? ಎಲ್ಲಿಂದಾದ್ರೂ ತೆಗೆದುಬಿಡಿ."

ಅವಳು ತೆಗೆಯಲು ಕೂತಳು. ಎಲ್ಲರೂ ಬಳಸುವ ತಂತ್ರಾಂಶವನ್ನು ಮುಟ್ಟುವಂತಿಲ್ಲ. ಹೊಸ ಕರ್ನಲ್ಲಿನಿಂದ ಏನು ತೆಗೆದರೂ ಬಂದ ಯಂತ್ರಗಳಿಗೇ ತೊಂದರೆ. ಉಳಿದದ್ದು ಹಳೆಯದು, ರಘುಪತಿಯವರು ಕಟ್ಟಿದ್ದು. ಅದನ್ನು ಬಳಸುವ ಯಂತ್ರಗಳು ಊರೂರಿನಲ್ಲಿ ಸೇರಿ ನಲವತ್ತೂ ಉಳಿದಿರಲಿಲ್ಲ. ಅದರ ಡ್ರೈವರುಗಳ ಪಟ್ಟಿ ಹರವಿಕೊಂಡು ಒಂದೊಂದೇ ನೋಡಿದಳು. ಟಿ.ವಿ. ಕಾರ್ಡು, ಬೇಡ. ರೇಡಿಯೋ, ಬೇಡ. ಹೆಸರೇ ಕೇಳಿರದ ಸೌಂಡ್ ಕಾರ್ಡುಗಳು, ಬೇಡ. ತನ್ನ ಹಾಲಿನಲ್ಲಿದ್ದ ಹದಿನೆಂಟು ಹಳೆಯ ಯಂತ್ರಗಳಲ್ಲಿ ಯಾವುದೊಂದೂ ಕೇಳದ ಫೈಲುಗಳನ್ನೆಲ್ಲ ಗುರುತು ಹಾಕಿ ತೆಗೆದಳು. ಆ ಸಾಲಿನಲ್ಲಿ 'ಸ್ಪೀಕಪ್' ಎಂಬ ಒಂದು ಸಣ್ಣ ಫೋಲ್ಡರೂ ಇತ್ತು. ಬೇರೆಲ್ಲ ಕರ್ನಲ್ಲಿನ ಜೊತೆಗೇ ಬಂದದ್ದಾದರೆ ಇದನ್ನು ಮಾತ್ರ ರಘುಪತಿಯವರು ಹೊರಗಿನಿಂದ ತಂದು ಸೇರಿಸಿದ್ದರು. ಏಕೆಂದು ನೋಟ್‌ಬುಕ್ಕಿನಲ್ಲಿ ಬರೆದಿರಲಿಲ್ಲ. ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಅದನ್ನೂ ಅಳಿಸಿದಳು.

ಎಲ್ಲವೂ ಇನ್ನೂರ ಹತ್ತರೊಳಗೆ ಕೂತಿತು. ಲತೀಶ್ ಪೇಢೆ ತರಿಸಿ ಎಲ್ಲರಿಗೂ ಹಂಚಿದ. ಹೊಸ ಸಿ.ಡಿ.ಯನ್ನು ಎಲ್ಲ ಕಡೆಗೂ ಕಳಿಸಿದರು. ಜೊತೆಗೆ ಜಯಲತಾಳೇ ಟೈಪು ಮಾಡಿದ ಒಂದು ಚೀಟಿ: ಎಲ್ಲ ಯಂತ್ರಗಳಿಗೂ ಹೊಸದನ್ನು ಹಾಕಿಕೊಳ್ಳಿ, ಗೊಂದಲವಾಗದಂತೆ ಹಳೆಯ ಸಿ.ಡಿ.ಯನ್ನು ಮುರಿದು ಹಾಕಿ.

ಆಗಸ್ಟಿನ ಎರಡನೆಯ ವಾರ ಮಧ್ಯಾಹ್ನ ಫೋನ್ ಬಂತು. ಆ ಕಡೆಯವನು ಹಿಂದಿಯಲ್ಲಿ ಶುರುಮಾಡಿದ. ಕಲ್ಯಾಣದ ಅಂಧರ ತರಬೇತಿ ಕೇಂದ್ರದಿಂದ ಮಾತಾಡುತ್ತಿರುವುದು, ನೀವು ಕೊಟ್ಟ ಕಂಪ್ಯೂಟರು ಮಾತಾಡುತ್ತಿಲ್ಲ ಎಂದ. ಮಾತಾಡುವುದು ಎಂದರೇನೆಂದು ಜಯಲತಾಳಿಗೆ ತಿಳಿಯಲಿಲ್ಲ. ಅವಳು ಎರಡು ಮಾತು ಕೇಳಿದಳೋ ಇಲ್ಲವೋ, ಅವನು ತಡೆದು, "ನೀವು ಕನ್ನಡದೋರೇನ್ರಿ?" ಎಂದ.

"ಹೌದು. ನೀವು?"

"ನಾ ಅಂಬಾರಾಯ ಅಂತರಿ, ಸೇಡಂ ಕಡೀಯಂವ. ಅಕ್ಕಾರ, ನಮ್ಮ ಮಿಶೀನಿಗಿ ಒಂದು ಡಬ್ಬಿ ಹಚ್ಚೇದರಿ. ಪರದಿ ಮ್ಯಾಲ ಏನ್ ಬರ್ತದ ಅದನ್ನ ಆ ಡಬ್ಬಿ ಓದಿ ಹೇಳತದ. ಹೇಳತಿತ್ತು. ನಿಮ್ಮ ಹೊಸ ಸಿ.ಡಿ. ಹಾಕಿದಾಗಿನಿಂದ ಹೇಳವಲ್ದು. ಡಬ್ಬಿ ಕೆಟ್ಟದ ಅಂತ ರಿಪೇರಿಗಿ ಕಳಿಸಿದ್ದರು. ಏನೂ ಕೆಟ್ಟಿಲ್ಲ ಅಂತ ವಾಪಸ ಬಂತು. ಇವತ್ತ ನನಗ ಅನಿಸ್ತು, ಕೆಟ್ಟಿದ್ದು ಡಬ್ಬಿ ಅಲ್ಲ, ಸಿ.ಡಿ. ಇರಬೇಕು ಅಂತ."

ಜಯಲತಾಳಿಗೆ ಆ ಫೋಲ್ಡರಿನ ಹೆಸರು ಕಣ್ಣ ಮುಂದೆ ಬಂತು. ಫೋನ್ ಇಟ್ಟವಳು ಕಂಪ್ಯೂಟರಿನಲ್ಲಿ ಅದರ ಗಾತ್ರ ನೋಡಿದಳು. ಇನ್ನೂರು ಕೆ.ಬಿ.ಯೂ ಇರಲಿಲ್ಲ. ಒಂಬತ್ತು ಎಂ.ಬಿ.ಯಲ್ಲಿ ನಲವತ್ತನೆಯ ಒಂದು ಪಾಲೂ ಅಲ್ಲ. ಅದನ್ನು ಅಳಿಸದೆ ಬಿಟ್ಟಿದ್ದರೂ ಎಲ್ಲವೂ ಸಿ.ಡಿ.ಯಲ್ಲಿ ಹಿಡಿಸುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಠಾಣೆಗೆ ಹೋಗುವ ಬದಲು ಎದುರಿನ ಪ್ಲಾಟ್‌ಫಾರ್ಮಿನಿಂದ ಕಲ್ಯಾಣದ ಗಾಡಿ ಹತ್ತಿದಳು. ಚೀಲದಲ್ಲಿ ರಘುಪತಿಯವರ ಹಳೆಯ ಸಿ.ಡಿ. ಇತ್ತು.

ತರಬೇತಿ ಕೇಂದ್ರವೆಂದರೆ ಸ್ಟೇಷನ್ನಿನ ಪಶ್ಚಿಮಕ್ಕೆ ಒಂದು ಚಾಳಿನ ನೆಲಮಹಡಿಯ ಎರಡು ಕೋಣೆ. ಅಂಬಾರಾಯ ಬಾಗಿಲಲ್ಲೇ ನಿಂತಿದ್ದ. ಮೂವತ್ತೈದರ ಆಸುಪಾಸು, ಗಟ್ಟಿ ಆಳು. ಕಪ್ಪು ಕನ್ನಡಕದ ಕೆಳಗೆ ಕೆನ್ನೆಯ ಮೇಲೆ ಚರ್ಮ ಸುಕ್ಕಾಗಿ ಬಿಳಿಚಿತ್ತು. ಒಳಗೆ ಐದು ಯಂತ್ರಗಳು, ಒಂದರ ಪಕ್ಕದಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಬೂದು ಬಣ್ಣದ ಪೆಟ್ಟಿಗೆ. ಅದರ ತಂತಿ ಯಂತ್ರದ ಹಿಂಬದಿಗೆ ಹೋಗಿತ್ತು.

"ಇದನ್ನ ಹಚ್ಚಿಕೊಟ್ಟವರು ರಘುಪತಿ ಸಾಹೇಬರು," ಎಂದ ಅಂಬಾರಾಯ. "ಯಾರೋ ಹೊರದೇಶದೋರು ಡಬ್ಬಿ ದಾನ ಕೊಟ್ಟಿದ್ದರು, ಆರು ತಿಂಗಳು ಮೂಲ್ಯಾಗ ಬಿದ್ದಿತ್ತು. ಸಾಹೇಬರು ನಾಲ್ಕು ಐತವಾರ ಬಂದು ಕುಂತು ಅದರ ಬಾಯಿ ಬಿಡಿಸಿದರು. ಅವರು ಹೋದರು ಅಂತ ಆಮ್ಯಾಗ ತಿಳೀತು."

ರಘುಪತಿ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಜಯಲತಾ ಹಳೆಯ ಸಿ.ಡಿ. ಹಾಕಿ, ಎಲ್ಲವನ್ನೂ ಮೊದಲಿನಿಂದ ಇಳಿಸಿದಳು. ಮುಕ್ಕಾಲು ಗಂಟೆ ಹಿಡಿಯಿತು. ಆ ಹೊತ್ತಿನಲ್ಲಿ ಅಂಬಾರಾಯ ತನ್ನ ಕಥೆ ಹೇಳಿದ. ಐರೋಲಿಯಲ್ಲಿ ದೊಡ್ಡ ಕಟ್ಟಡಗಳು ಏಳುತ್ತಿದ್ದಾಗ ಗಾರೆ ಕೆಲಸಕ್ಕೆ ಬಂದವನು. ಎರಡು ಸಾವಿರದ ಮೂರರಲ್ಲಿ ಸುಣ್ಣ ಅರಳಿಸುವ ಪೀಪಾಯಿ ಸಿಡಿದು ಮುಖಕ್ಕೆ ಹಾರಿತು. ಎರಡು ಕಣ್ಣೂ ಹೋದವು. ಊರಿಗೆ ಹೋಗದೆ ಇಲ್ಲೇ ಉಳಿದ. ಹೆಂಡತಿ ದ್ರೌಪದಿ ಕಟ್ಟಡದ ಕೆಲಸ ಬಿಡಲಿಲ್ಲ. ಏಳನೆಯ ಇಯತ್ತೆವರೆಗೆ ಕನ್ನಡ ಓದಿದವನು ಈ ಡಬ್ಬಿಯ ದನಿ ಕೇಳಿ ಕೇಳಿ ಇಂಗ್ಲಿಷ್ ಅಕ್ಷರ ಕಲಿತ, ಟೈಪಿಂಗ್ ಕಲಿತ.

ಕೆಲಸ ಮುಗಿದು ಯಂತ್ರ ಮತ್ತೆ ಶುರುವಾಯಿತು. ಪೆಟ್ಟಿಗೆ ಗೊರಗೊರ ಎಂದು, ಗಂಟಲು ಕಟ್ಟಿದವರ ದನಿಯಲ್ಲಿ ಪರದೆಯ ಸಾಲುಗಳನ್ನು ಓದತೊಡಗಿತು. ಒಳಕೋಣೆಯಿಂದ ನಾಲ್ಕೈದು ಜನ ಗೋಡೆ ಹಿಡಿದುಕೊಂಡು ಈಚೆ ಬಂದರು. ಅಂಬಾರಾಯ ಅಂಗೈಯನ್ನು ಪೆಟ್ಟಿಗೆಯ ಮೇಲೆ ಇಟ್ಟು ಕೂತ.

ಜಯಲತಾ ಅಲ್ಲಿಗೇ ಎದ್ದು ಬರಬಹುದಿತ್ತು. ಆದರೆ ಅವಳು ಕೇಳಿದಳು, "ಈ ಒಂದೂವರೆ ತಿಂಗಳು ತುಂಬ ತೊಂದರೆ ಆಯ್ತಾ?"

ಅಂಬಾರಾಯ ಹೇಳಿದ. ಹತ್ತಿರದ ಒಂದು ಆಸ್ಪತ್ರೆಯಲ್ಲಿ ವಿಚಾರಣೆಯ ಕಿಟಕಿಗೆ ಆಳು ಬೇಕಿತ್ತು. ರೋಗಿಯ ಹೆಸರು ಹೇಳಿದರೆ ಯಾವ ವಾರ್ಡು ಎಂದು ಕಂಪ್ಯೂಟರಿನಲ್ಲಿ ನೋಡಿ ಹೇಳುವ ಕೆಲಸ. ಕೇಂದ್ರದವರು ಅಂಬಾರಾಯನ ಹೆಸರು ಕೊಟ್ಟಿದ್ದರು. ಕಣ್ಣಿಲ್ಲದವನು ಅದನ್ನು ಹೇಗೆ ಮಾಡುತ್ತಾನೆಂದು ನೋಡಲು ಜುಲೈ ಆರಕ್ಕೆ ಆಸ್ಪತ್ರೆಯ ಮೂವರು ಇಲ್ಲಿಗೇ ಬಂದರು. ಹೊಸ ಸಿ.ಡಿ. ಹಾಕಿ ಎರಡು ದಿನವಾಗಿತ್ತು, ಆಮೇಲೆ ಆ ಯಂತ್ರವನ್ನು ಯಾರೂ ಮುಟ್ಟಿರಲಿಲ್ಲ.

"ನನ್ನ ಕುಂಡ್ರಿಸಿದರು. ಶುರು ಮಾಡ್ರಿ ಅಂದರು. ನಾ ಬಟನ್ ಒತ್ತಿದೆ, ಡಬ್ಬಿ ಸುಮ್ಮ. ಮತ್ತ ಒತ್ತಿದೆ. ಅವರು ಹಿಂದ ನಿಂತಾರ, ಉಸರು ಬಿಡೋದು ಕೇಳಸ್ತದ ನನಗ. ಯಾವ ಬಟನ್ ಒತ್ತಿದರ ಏನ್ ಆಗತದ ಅಂತ ಮನಸಿನ್ಯಾಗ ನೆನಸ್ಕೊಂಡು ಹೊಡದೆ ಅಕ್ಕಾರ, ಹತ್ತು ಮಿನಿಟ್. ಏನ್ ಬಂತೋ ಏನೋ. ಒಬ್ಬ ಸಾಹೇಬರು ನನ್ನ ಹೆಗಲ ಮ್ಯಾಲ ಕೈ ಇಟ್ಟು, ಇರಲಿ ಬಿಡಪ್ಪಾ, ಆಮ್ಯಾಲ ನೋಡಮು ಅಂದರು. ಮತ್ತ ಬರಲಿಲ್ಲ."

ಜಯಲತಾ ಕುರ್ಚಿಯ ತುದಿಗೆ ಸರಿದಳು. "ಅದನ್ನು ತೆಗೆದದ್ದು ನಾನೇ ಅಂಬಾರಾಯರೇ. ಅದು ಎಂತ ಅಂತ ನನಗೆ ಗೊತ್ತಿರಲಿಲ್ಲ. ಜಾಗ ಸಾಲಲಿಲ್ಲ ಅಂತ ತೆಗೆದೆ. ಕೇಳಬೇಕಿತ್ತು, ಯಾರನ್ನೂ ಕೇಳಲಿಲ್ಲ. ನನ್ನಿಂದ ತಪ್ಪಾಯ್ತು."

ಅಂಬಾರಾಯ ಪೆಟ್ಟಿಗೆಯ ಮೇಲಿನ ಕೈ ತೆಗೆದ.

"ನೀವು ಬೇಕಂತ ಮಾಡಿಲ್ಲ. ಅದು ನನಗ ತಿಳೀತದ," ಎಂದ. "ಆದರ ಆ ದಿನ ಆ ಕುರ್ಚಿ ಮ್ಯಾಲ ನಾ ಕುಂತಿದ್ದೆ ಅಕ್ಕಾರ. ಹೋಗಲಿ ಬಿಡ್ರಿ ಅಂತ ನಾ ಹ್ಯಾಂಗ ಅನ್ಲಿ?"

ಕೇಂದ್ರದವರು ಚಹಾ ತಂದುಕೊಟ್ಟರು, ಜಯಲತಾ ಕುಡಿದು ಎದ್ದಳು. ಅಂಬಾರಾಯ ಬಾಗಿಲವರೆಗೆ ಬಂದು ಮೆಟ್ಟಿಲು ಎಷ್ಟಿವೆಯೆಂದು ಹೇಳಿದ. ಅಲ್ಲಿಂದ ಅವಳು ನೇರ ಆ ಆಸ್ಪತ್ರೆಗೆ ಹೋಗಿ, ಆದ ತಪ್ಪು ತನ್ನದು, ಇನ್ನೊಂದು ಸಲ ಬಂದು ನೋಡಿ ಎಂದು ಬೇಡಿಕೊಂಡಳು. ಅವರು ಮರ್ಯಾದೆಯಿಂದಲೇ ಮಾತಾಡಿದರು. ಕಿಟಕಿಗೆ ಹೋದ ತಿಂಗಳೇ ಆಳು ಸಿಕ್ಕಾಗಿತ್ತು.

ಆ ವಾರವೇ ತೆಗೆದ ಫೋಲ್ಡರನ್ನು ಸಿ.ಡಿ.ಗೆ ಮತ್ತೆ ಸೇರಿಸಿದಳು. ಲತೀಶನ ಪ್ರಕಾರ ವಿಷಯ ಅಲ್ಲಿಗೆ ಮುಗಿದಿತ್ತು. ಅವಳಿಗೆ ಮುಗಿದಿರಲಿಲ್ಲ. ಅಂದು ಅವಳು ಅಳಿಸಿದ್ದು ಆ ಒಂದೇ ಫೋಲ್ಡರನ್ನಲ್ಲ. ನೂರ ನಲವತ್ತು ಫೈಲುಗಳನ್ನು. ಉಳಿದವು ಯಾರ ಯಾರವು?

"ಜಯಕ್ಕ, ಯಾರೂ ಕಂಪ್ಲೇಂಟ್ ಮಾಡಿಲ್ಲ," ಎಂದ ಲತೀಶ್.

"ಇವರೂ ಒಂದೂವರೆ ತಿಂಗಳು ಮಾಡಿರಲಿಲ್ಲ."

"ಆ ಹಳೇ ಕರ್ನಲ್ ತೆಗೆದೇ ಬಿಡುವ. ಕಲ್ಯಾಣದವರಿಗೆ ಬೇಕಾದ್ರೆ ಬೇರೆ ಸಿ.ಡಿ. ಕೊಡಿ. ನಲವತ್ತು ಮಿಶನಿಗೋಸ್ಕರ ಇಷ್ಟೆಲ್ಲ ಯಾಕೆ? ಆಚೆ ಇನ್ನೂರು ಮಿಶನ್, ಸಾವಿರಾರು ಮಕ್ಕಳು. ನಾನು ತಪ್ಪು ಹೇಳ್ತಿದ್ದೇನಾ?"

"ತಪ್ಪಲ್ಲ," ಎಂದಳು ಜಯಲತಾ. "ಆದರೆ ನಾಳೆ ನಾನೂ ಇಲ್ಲದಿದ್ದರೆ, ಆ ಬೇರೆ ಸಿ.ಡಿ. ಎಂತದ್ದು ಅಂತ ಯಾರಿಗೆ ಗೊತ್ತಿರ್ತದೆ? ಎಲ್ಲರ ಕೈಯಲ್ಲೂ ಇರುವ ಸಿ.ಡಿ.ಯಲ್ಲೇ ಅದು ಇರಬೇಕು. ನನಗೆ ಎರಡು ತಿಂಗಳು ಕೊಡು ಮಾರಾಯ."

ಲತೀಶ್ ಮುಖ ಗಂಟು ಹಾಕಿಕೊಂಡ. ಆದರೆ ಬೇಡವೆನ್ನಲಿಲ್ಲ.

ಅವಳು ಹಳೆಯ ಯಂತ್ರಗಳಿದ್ದ ಹದಿನಾಲ್ಕು ಜಾಗಗಳಿಗೂ ಹೋದಳು. ಕೋಪರಖೈರಣೆಯಲ್ಲಿ ಕಾಮಗಾರರ ಸಂಘದ ಒಂದು ವಾಚನಾಲಯವಿತ್ತು; ನೋಡಿಕೊಳ್ಳುತ್ತಿದ್ದವರು ಯಂಕಪ್ಪ ಎಂಬ ಮುದುಕರು. ಅವರ ಯಂತ್ರದಲ್ಲಿ ಊರ ಹಾಡುಗಳ ಕ್ಯಾಸೆಟ್ಟುಗಳನ್ನು ತುಂಬಿಟ್ಟಿದ್ದರು, ಜನ ಸಂಜೆ ಬಂದು ಕೇಳುತ್ತಿದ್ದರು. ಜೂನಿನಿಂದ ಸದ್ದೇ ಇಲ್ಲ. "ಹಳೇ ಮಿಶೀನಲ್ರಿ ಬಾಯಾರ, ವಯಸ್ಸಾತು ಅನ್ಕೊಂಡ್ವಿ," ಎಂದರು ಯಂಕಪ್ಪ. ವಾಶಿಯ ಮಾರ್ಕೆಟ್ಟಿನ ಹಮಾಲರ ಕಚೇರಿಯಲ್ಲಿ ಪ್ರಿಂಟರ್ ನಿಂತಿತ್ತು. ಗುಮಾಸ್ತ ಪಟ್ಟಿಗಳನ್ನು ಮೂರು ತಿಂಗಳಿಂದ ಕೈಯಲ್ಲೇ ಬರೆಯುತ್ತಿದ್ದ. ಇಬ್ಬರೂ ದೂರು ಕೊಟ್ಟಿರಲಿಲ್ಲ. ಪುಕ್ಕಟೆ ಬಂದ ಯಂತ್ರದ ಬಗ್ಗೆ ಏನೆಂದು ದೂರು ಕೊಡುವುದು ಎಂದು ಸುಮ್ಮನಿದ್ದರು. ಜಯಲತಾ ಪ್ರತಿ ಕಡೆಯಲ್ಲೂ ಯಂತ್ರದ ಮುಂದೆ ಕೂತು, ಅದಕ್ಕೆ ಏನೇನು ಜೋಡಿಸಿದ್ದಾರೆ, ಯಾರು ಯಾವುದಕ್ಕೆ ಬಳಸುತ್ತಾರೆ ಎಂದು ಕೇಳಿ ಬರೆದುಕೊಂಡಳು.

ಅಳಿಸಿದ್ದನ್ನೆಲ್ಲ ಹಿಂದಕ್ಕೆ ಸೇರಿಸಿ ನೋಡಿದಾಗ ಮತ್ತೆ ಒಂಬತ್ತು ಎಂ.ಬಿ. ಹೊರಗೆ ಉಳಿಯಿತು.

ಆ ಹೊತ್ತಿಗೆ ಫೈಲುಗಳನ್ನು ಇನ್ನಷ್ಟು ಬಿಗಿಯಾಗಿ ಒತ್ತುವ ಹೊಸ ಬಗೆಯೊಂದು ಬಂದಿತ್ತು. ಅದರಲ್ಲಿ ಒತ್ತಿದರೆ ಜಾಗ ಧಾರಾಳವಾಗಿ ಸಿಗುತ್ತಿತ್ತು. ಆದರೆ ಆ ಕಟ್ಟನ್ನು ಬಿಚ್ಚುವುದು ಹಳೆಯ ಕರ್ನಲ್ಲಿಗೆ ಗೊತ್ತಿಲ್ಲ. ಮೂರು ಕರ್ನಲ್‌ಗಳಿಗೂ ಒಂದೇ ಕಟ್ಟಾದ್ದರಿಂದ ಹಳೆಯದಕ್ಕೆ ತಿಳಿದ ಬಗೆಯಲ್ಲೇ ಒತ್ತಬೇಕಿತ್ತು. ಹಳೆಯ ಕರ್ನಲ್ಲಿಗೆ ಹೊಸ ಬಗೆಯನ್ನು ಕಲಿಸಲು ಅವಳು ಮೂರು ವಾರ ಹೆಣಗಿದಳು. ಪ್ರತಿ ಸಲವೂ ಯಂತ್ರ ಅರ್ಧಕ್ಕೇ ನಿಂತಿತು. ಮನೆಯಲ್ಲಿ ಅನ್ನ ಸೀದುಹೋಯಿತು. ಹತ್ತನೆಯ ತರಗತಿಯಲ್ಲಿದ್ದ ಪೂಜಿತಾ ಒಲೆ ಆರಿಸಿ ಬಂದು ಅಮ್ಮನ ಪಕ್ಕ ಕೂತು ಕೇಳಿದಳು.

"ಮಮ್ಮಿ, ತೀನೋ ಕೋ ಏಕ್ ಹೀ ಪ್ಯಾಕೆಟ್ ಕ್ಯೂಂ ದೇತೀ ಹೋ?"

ಮೂರಕ್ಕೂ ಒಂದೇ ಪೊಟ್ಟಣ ಯಾಕೆ ಎಂದು. ಮಗಳು ಕೇಳಿದ್ದು ಏನೂ ತಿಳಿಯದೆ. ಜಯಲತಾ ಉತ್ತರ ಹೇಳಲು ಹೋಗಿ ನಿಂತಳು. ಎಲ್ಲರಿಗೂ ಬೇಕಾದ ತಂತ್ರಾಂಶ ಒಂದೇ ಕಟ್ಟಿನಲ್ಲಿರಬೇಕು, ಅದು ನಿಜ. ಆದರೆ ಒಂದು ಕರ್ನಲ್ಲಿನ ಡ್ರೈವರು ಇನ್ನೊಂದಕ್ಕೆ ಯಾವತ್ತೂ ಬೇಕಾಗುವುದಿಲ್ಲ. ಅವನ್ನು ಬೇರೆ ಬೇರೆ ಕಟ್ಟಬಹುದು. ಹಳೆಯದರ ಡ್ರೈವರುಗಳನ್ನು ಹಳೆಯ ಬಗೆಯಲ್ಲಿ, ಹೊಸ ಎರಡರವನ್ನು ಹೊಸ ಬಗೆಯಲ್ಲಿ. ಗಣೇಶನ ಹಬ್ಬದ ರಜೆಯಲ್ಲಿ ಹಾಗೆಯೇ ಮಾಡಿ ನೋಡಿದಳು. ಎಂಟು ಎಂ.ಬಿ. ಜಾಗ ಸಿಕ್ಕಿತು. ಇನ್ನೊಂದು ಎಂ.ಬಿ. ಬೇಕಿತ್ತು. ಸಿ.ಡಿ.ಯಲ್ಲಿ ರಘುಪತಿಯವರು ತಮ್ಮ ಕೈಬರಹದ ಹನ್ನೆರಡು ಪುಟಗಳನ್ನು ಚಿತ್ರ ಮಾಡಿ ಇಟ್ಟಿದ್ದರು, ಶಾಲೆಯವರಿಗೆಂದು ಕನ್ನಡದಲ್ಲಿ ಬರೆದ ಸೂಚನೆಗಳು. ಅವಳು ಕೂತು ಅಷ್ಟನ್ನೂ ಟೈಪು ಮಾಡಿದಳು. ಮಾತುಗಳೆಲ್ಲ ಹಾಗೇ ಉಳಿದವು, ಅಕ್ಷರ ಮಾತ್ರ ಅವರದಲ್ಲ. ಚಿತ್ರಗಳನ್ನು ತೆಗೆದಾಗ ಎಲ್ಲವೂ ಹಿಡಿಸಿತು.

ಈ ಸಲ ಹೊರಗೆ ಕಳಿಸುವ ಮೊದಲು ಒಂದು ಪ್ರತಿಯನ್ನು ಕಲ್ಯಾಣಕ್ಕೆ ಕಳಿಸಿದಳು. ನಾಲ್ಕನೆಯ ದಿನ ಅಂಬಾರಾಯನ ಫೋನ್ ಬಂತು. ಮಾತಾಡದೆ ರಿಸೀವರನ್ನು ಪೆಟ್ಟಿಗೆಯ ಹತ್ತಿರ ಹಿಡಿದ. ಆ ಗೊರಗೊರ ದನಿ ಕರ್ನಲ್ಲಿನ ಸಾಲುಗಳನ್ನು ಓದುವುದನ್ನು ಅವಳು ಕಡೆಯವರೆಗೂ ಕೇಳಿಸಿಕೊಂಡಳು.

"ಕೇಳಿಸ್ತೇನ್ರಿ?"

"ಕೇಳಿಸ್ತು."

"ಇನ್ನ ಮುಂದ ಕಳಸೂಕಿಂತ ಮೊದಲ ನನಗ ಕಳಸ್ರಿ. ನಾ ನೋಡಿ ಹೇಳತೀನಿ."

ಮುಂದಿನ ನಾಲ್ಕು ವರ್ಷ ಅದೇ ಪದ್ಧತಿಯಾಯಿತು. ವರ್ಷಕ್ಕೆರಡು ಸಲ ಸಿ.ಡಿ. ಬದಲಾಗುತ್ತಿತ್ತು, ಏನನ್ನಾದರೂ ತೆಗೆಯಬೇಕಾದಾಗ ಜಯಲತಾ ಮೊದಲು ಹದಿನಾಲ್ಕು ಕಡೆಗೂ ಫೋನ್ ಮಾಡುತ್ತಿದ್ದಳು. ಅಂಬಾರಾಯ ಆಸ್ಪತ್ರೆಯ ಮಾತು ಎತ್ತಲಿಲ್ಲ, ಅವಳೂ ಮತ್ತೊಮ್ಮೆ ಕ್ಷಮೆ ಕೇಳಲಿಲ್ಲ. ಅವನಿಗೆ ಆಮೇಲೆ ಇನ್ನೆರಡು ಕಡೆ ಕರೆ ಬಂದರೂ ಕೆಲಸ ಆಗಲಿಲ್ಲ. ಕೇಂದ್ರದಲ್ಲೇ ಹೊಸಬರಿಗೆ ಟೈಪಿಂಗ್ ಕಲಿಸುವವನಾಗಿ ನಿಂತ.

ಎರಡು ಸಾವಿರದ ಹದಿನಾರರಲ್ಲಿ ಟ್ರಸ್ಟು ಮುಚ್ಚಿತು. ಹಳೆಯ ಯಂತ್ರಗಳನ್ನು ಕೇಳುವವರು ಕಡಿಮೆಯಾಗಿದ್ದರು. ಮೊಬೈಲು ಎಲ್ಲರ ಕೈಗೂ ಬಂದಿತ್ತು. ಕಡೆಯ ದಿನ ಠಾಣೆಯ ಹಾಲಿನಲ್ಲಿ ಒಂದು ಸಣ್ಣ ಕೂಟ ಮಾಡಿದರು. ಅಂಬಾರಾಯನೂ ಬಂದಿದ್ದ. ಹಿಂದಿರುಗುವಾಗ ಜಯಲತಾ ಡೊಂಬಿವಲಿಯಲ್ಲಿ ಇಳಿಯದೆ ಅವನನ್ನು ಬಿಟ್ಟುಬರಲು ಕಲ್ಯಾಣದವರೆಗೆ ಹೋದಳು. ಸ್ಟೇಷನ್ನಿನಿಂದ ನಡೆಯುತ್ತ ಒಂದು ತಿರುವಿನಲ್ಲಿ ಅಂಬಾರಾಯ ನಿಂತ.

"ಫಿನಾಯಲ್ ವಾಸನಿ ಬರ್ತದ. ಇದೇ ಅಲ್ರಿ ಆ ದವಾಖಾನಿ?"

"ಹೌದು."

"ಕಿಡಕ್ಯಾಗ ಯಾರ ಕುಂತಾರ ನೋಡ್ರಿ."

ಅವಳು ಒಳಗೆ ಹೋಗಿ ನೋಡಿ ಬಂದಳು. "ಒಬ್ಬಳು ಹುಡುಗಿ."

"ಜನರ ಕೂಡ ಛಲೋ ಮಾತಾಡತಾಳೇನ್ರಿ?"

"ಹೂಂ. ಒಬ್ಬರು ಅಜ್ಜಿಗೆ ವಾರ್ಡು ಎಲ್ಲಿ ಅಂತ ಎರಡೆರಡು ಸಲ ಹೇಳ್ತಾ ಇದ್ದಳು."

ಅಂಬಾರಾಯ ತಲೆಯಾಡಿಸಿದ. ರಿಕ್ಷಾಗಳು ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹಾದುಹೋದವು. ಅವನು ಇನ್ನೂ ಸ್ವಲ್ಪ ಹೊತ್ತು ಆಸ್ಪತ್ರೆಯ ಬಾಗಿಲ ಕಡೆಗೆ ಮುಖ ಮಾಡಿ ನಿಂತಿದ್ದ. ಆಮೇಲೆ ಕೈ ಚಾಚಿ ಜಯಲತಾಳ ಮೊಣಕೈ ಹಿಡಿದುಕೊಂಡ.

"ನಡೀರಿ ಅಕ್ಕಾರ," ಎಂದ. "ನಾಕಕ್ಕ ನನ್ನ ಕ್ಲಾಸ್ ಅದ. ಇವತ್ತ ಮರಗಮ್ಮ ಅಂತ ಹೊಸಾಕಿ ಬರ್ತಾಳ."